ಅರ್ಧ ಕಟ್ಟಿದ ಊರು: ಸಿಟೀಸ್ ಸ್ಕೈಲೈನ್ಸ್ 2 ಪ್ರಕರಣ

2023ರ ಅಕ್ಟೋಬರ್ 24ರಂದು ಸಿಟೀಸ್ ಸ್ಕೈಲೈನ್ಸ್ 2 ಎಂಬ ಊರು ಕಟ್ಟುವ ವಿಡಿಯೋ ಗೇಮ್ ಪಿಸಿಗೆ ಬಿಡುಗಡೆಯಾಯಿತು. ಅದಕ್ಕೆ ಸುಮಾರು ಒಂದು ವಾರ ಮೊದಲೇ ಗೇಮ್ ಮಾಡಿದವರು ಒಂದು ಪ್ರಕಟಣೆ ಹೊರಡಿಸಿದ್ದರು. ಪರ್ಫಾರ್ಮೆನ್ಸ್ ವಿಚಾರದಲ್ಲಿ, ಅಂದರೆ ಗೇಮ್ ಎಷ್ಟು ಸರಾಗವಾಗಿ ಓಡುತ್ತದೆ ಎಂಬುದರಲ್ಲಿ, ನಾವು ಅಂದುಕೊಂಡ ಮಟ್ಟ ಮುಟ್ಟಿಲ್ಲ, ಆದರೂ ಹೇಳಿದ ದಿನಕ್ಕೇ ಬಿಡುತ್ತೇವೆ, ಆಮೇಲೆ ಸರಿಮಾಡುತ್ತಾ ಹೋಗುತ್ತೇವೆ ಎಂಬುದು ಅದರ ಸಾರ.

ಸ್ಟ್ರಾಟಜಿ ಗೇಮ್‌ಗಳನ್ನು ಅರೆಬೆಂದಿರುವಾಗಲೇ ಬಡಿಸುತ್ತಾರೆ ಎಂಬ ದೂರು ಹಳೆಯದು. ಪಬ್ಲಿಷರ್‌ಗಳಿಗೆ ದುಡ್ಡಿನ ಆಸೆ, ಆಟಗಾರರಿಗೆ ತಾಳ್ಮೆ ಇಲ್ಲ ಎಂದು ಎರಡೂ ಕಡೆ ಬೈದಾಡಿ ಆ ವಾದ ಮುಗಿಯುತ್ತದೆ. ಆದರೆ ಇಲ್ಲಿ ಮಾಡಿದವರೇ ಮುಂಚಿತವಾಗಿ ಬರೆದುಕೊಟ್ಟಿದ್ದಾರೆ. ‘ಮುಗಿದಿತ್ತಾ, ಇಲ್ಲವಾ’ ಎಂದು ಕಿತ್ತಾಡುವ ಅಗತ್ಯವೇ ಇಲ್ಲ. ಹಾಗಾಗಿ ಅದಕ್ಕಿಂತ ಉಪಯೋಗದ ಪ್ರಶ್ನೆಗಳನ್ನು ಕೇಳಬಹುದು. ಯಾವುದು ಮುಗಿದಿರಲಿಲ್ಲ? ಮುಗಿದಿಲ್ಲ ಎಂದು ಗೊತ್ತಿದ್ದೂ ಏಕೆ ನಿಲ್ಲಿಸಲಿಲ್ಲ? ಆರು ತಿಂಗಳು ತಡಮಾಡಿದ್ದರೆ ಸರಿಹೋಗುತ್ತಿತ್ತಾ?

ಇದು ಊರು ಕಟ್ಟುವ ಆಟ, ಯುದ್ಧದ ಆಟ ಅಲ್ಲ, ಇದನ್ನು ಸ್ಟ್ರಾಟಜಿ ಎನ್ನಬಹುದಾ ಎಂದು ಕೆಲವರು ಕೇಳಬಹುದು. ನನ್ನ ಪ್ರಕಾರ ಎನ್ನಬಹುದು. ತೆರಿಗೆ, ರಸ್ತೆ, ವಿದ್ಯುತ್ತು, ಸಾಲ ಎಲ್ಲವನ್ನೂ ತೂಗಿ ನೋಡಿ ಮುಂದಿನ ಹೆಜ್ಜೆ ಇಡಬೇಕು. ಇವತ್ತಿನ ತಪ್ಪಿಗೆ ಆಟದಲ್ಲಿ ಹತ್ತು ವರ್ಷ ಆದಮೇಲೆ ದಂಡ ಕಟ್ಟಬೇಕು. ಕಟ್ಟಬೇಕಿತ್ತು ಎನ್ನುವುದು ಹೆಚ್ಚು ಸರಿ. ಆ ದಂಡ ಇಲ್ಲದೇ ಹೋದದ್ದೇ ಈ ಪ್ರಕರಣದ ಮುಖ್ಯ ಭಾಗ. ಅಲ್ಲಿಗೆ ಆಮೇಲೆ ಬರೋಣ.

ಹಿಂದಿನ ಕತೆ

ಗೇಮ್ ಮಾಡಿದ್ದು ಫಿನ್‌ಲ್ಯಾಂಡಿನ ಟಾಂಪೆರೆ ನಗರದ ಕೊಲೋಸಲ್ ಆರ್ಡರ್ ಎಂಬ ಸಣ್ಣ ಸ್ಟುಡಿಯೋ. ಪಬ್ಲಿಷರ್ ಸ್ವೀಡನ್ನಿನ ಪ್ಯಾರಡಾಕ್ಸ್ ಇಂಟರ‍್ಯಾಕ್ಟಿವ್. ಇವರ ಮೊದಲ ಸಿಟೀಸ್ ಸ್ಕೈಲೈನ್ಸ್ ಬಂದದ್ದು 2015ರ ಮಾರ್ಚ್ 10ರಂದು. ಆಗ ಸ್ಟುಡಿಯೋದಲ್ಲಿ ಇದ್ದವರು ಹದಿಮೂರು ಜನದ ಆಸುಪಾಸು. ಆ ಗೇಮ್ ಮುಂದೆ 1.2 ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾಯಿತು.

ಅದು ಅಷ್ಟು ಓಡಿದ್ದಕ್ಕೆ ಒಂದು ಕಾರಣ ಇನ್ನೊಬ್ಬರ ಎಡವಟ್ಟು. 2013ರ ಮಾರ್ಚ್‌ನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ಹೊಸ ಸಿಮ್‌ಸಿಟಿ ಬಿಟ್ಟಿತ್ತು. ಒಬ್ಬರೇ ಆಡಬೇಕೆಂದರೂ ಸರ್ವರ್‌ಗೆ ಕನೆಕ್ಟ್ ಆಗಲೇಬೇಕಿತ್ತು. ಬಿಡುಗಡೆಯ ದಿನವೇ ಸರ್ವರ್‌ಗಳು ಕೈಕೊಟ್ಟವು. ದುಡ್ಡು ಕೊಟ್ಟವರು ಆಡಲು ಕಾಯುತ್ತಾ ಕೂತರು. ಕೊನೆಗೆ ಕಂಪನಿ ಸಮಾಧಾನಕ್ಕೆ ಒಂದು ಬೇರೆ ಗೇಮನ್ನು ಪುಕ್ಕಟೆ ಕೊಡಬೇಕಾಯಿತು. ಸರ್ವರ್ ಗಲಾಟೆ ಕೆಲವು ವಾರಗಳಲ್ಲಿ ತಣ್ಣಗಾಯಿತು. ಆದರೆ ಆಮೇಲೆ ಆಟಗಾರರು ಇನ್ನೊಂದನ್ನು ಪತ್ತೆಮಾಡಿದರು. ಆ ಊರಿನ ಜನಕ್ಕೆ ಖಾಯಂ ಮನೆಯೂ ಇಲ್ಲ, ಖಾಯಂ ಕೆಲಸವೂ ಇಲ್ಲ! ಬೆಳಗ್ಗೆ ಎದ್ದವರು ಹತ್ತಿರದಲ್ಲಿ ಖಾಲಿ ಇರುವ ಯಾವುದೋ ಕೆಲಸಕ್ಕೆ ಹೋಗುತ್ತಾರೆ, ಸಂಜೆ ಖಾಲಿ ಇರುವ ಯಾವುದೋ ಮನೆಗೆ ನುಗ್ಗುತ್ತಾರೆ. ಊರು ಅನ್ನುವುದೇ ಒಂದು ನಾಟಕ ಎಂದು ಗೊತ್ತಾದ ಮೇಲೆ ಆಡುವ ಮನಸ್ಸು ಯಾರಿಗೆ ಬರುತ್ತದೆ? ಸಿಮ್‌ಸಿಟಿ ಮಾಡಿದ್ದ ಮ್ಯಾಕ್ಸಿಸ್‌ನ ಎಮರಿವಿಲ್ ಸ್ಟುಡಿಯೋವನ್ನು 2015ರ ಮಾರ್ಚ್ ಮೊದಲ ವಾರದಲ್ಲಿ ಮುಚ್ಚಿದರು. ಅದಾಗಿ ಕೆಲವೇ ದಿನಕ್ಕೆ ಸಿಟೀಸ್ ಸ್ಕೈಲೈನ್ಸ್ ಬಂತು.

ಅಂದರೆ ಮುಗಿಯದ ಆಟವನ್ನು ಮಾರಿದರೆ ಏನಾಗುತ್ತದೆ ಎಂಬುದನ್ನು ಈ ಸ್ಟುಡಿಯೋದಷ್ಟು ಹತ್ತಿರದಿಂದ ನೋಡಿದವರು ಕಡಿಮೆ. ಅವರ ಊಟ ನಡೆದದ್ದೇ ಅದರಿಂದ.

ಮೊದಲ ಸ್ಕೈಲೈನ್ಸ್ ಬಗ್ಗೆ ಒಂದು ವಿಷಯ ನೆನಪಿಡಬೇಕು. ಬಿಡುಗಡೆಯ ದಿನ ಅದರಲ್ಲೂ ಬಹಳಷ್ಟು ಇರಲಿಲ್ಲ. ಸುರಂಗ ರಸ್ತೆ ಇರಲಿಲ್ಲ, ಅದು ಎರಡು ತಿಂಗಳ ನಂತರ ಒಂದು ಪ್ಯಾಚ್‌ನಲ್ಲಿ (ಬಿಡುಗಡೆಯ ಮೇಲೆ ಕಳಿಸುವ ತಿದ್ದುಪಡಿಯಲ್ಲಿ) ಬಂತು. ರಾತ್ರಿಯೇ ಇರಲಿಲ್ಲ! ಹಗಲು-ರಾತ್ರಿ ಬಂದದ್ದು ಆ ವರ್ಷದ ಸೆಪ್ಟೆಂಬರ್‌ನಲ್ಲಿ. ಆದರೂ ಅದನ್ನು ‘ಮುಗಿಯದ ಗೇಮ್’ ಎಂದು ಯಾರೂ ಬೈಯಲಿಲ್ಲ. ಇದ್ದದ್ದು ಕೆಲಸ ಮಾಡುತ್ತಿತ್ತು. ಜೊತೆಗೆ ಮೊದಲ ದಿನದಿಂದಲೇ ಮಾಡ್ ಮಾಡಲು, ಅಂದರೆ ಆಟಗಾರರೇ ಗೇಮನ್ನು ಬದಲಾಯಿಸಿಕೊಳ್ಳಲು, ಬಾಗಿಲು ತೆರೆದಿತ್ತು. ಯಾರಾದರೂ ಕಟ್ಟಡ ಮಾಡಿ, ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ವರ್ಕ್‌ಶಾಪ್‌ಗೆ ಹಾಕಬಹುದಿತ್ತು, ಯಾರಾದರೂ ಟ್ರಾಫಿಕ್‌ನ ಲೆಕ್ಕಾಚಾರವನ್ನೇ ಬದಲಾಯಿಸಬಹುದಿತ್ತು. ಚಿಕ್ಕದಾಗಿರುವುದು ಬೇರೆ, ಮುಗಿಯದಿರುವುದು ಬೇರೆ. ಈ ಎರಡನ್ನು ಕಲಸಿದರೆ ಇಂಥ ವಾದ ಎಲ್ಲಿಗೂ ತಲುಪುವುದಿಲ್ಲ.

ಕಣ್ಣಿಗೆ ಕಂಡ ತೊಂದರೆ

ಎರಡನೇ ಭಾಗ 2023ರ ಮಾರ್ಚ್‌ನಲ್ಲಿ ಘೋಷಣೆಯಾಯಿತು. ಹೇಳಿದ್ದೆಲ್ಲ ದೊಡ್ಡದು. ನಕ್ಷೆಯಲ್ಲಿ 441 ಚೌಕಗಳು, ಎಲ್ಲ ಸೇರಿ ಸುಮಾರು 159 ಚದರ ಕಿಲೋಮೀಟರ್. ಮೊದಲ ಗೇಮ್‌ನಲ್ಲಿ ಒಮ್ಮೆಗೆ ಓಡಾಡಬಲ್ಲ ಜನರ ಸಂಖ್ಯೆಗೆ 65,536ರ ಮಿತಿ ಇತ್ತು. ಇದರಲ್ಲಿ ಅಂಥ ಕಟ್ಟು ಇಲ್ಲ, ನಿಮ್ಮ ಕಂಪ್ಯೂಟರ್ ತಡೆದುಕೊಂಡಷ್ಟು ಜನ. ಒಬ್ಬೊಬ್ಬ ನಾಗರಿಕನಿಗೂ ಹುಟ್ಟು, ಓದು, ಕೆಲಸ, ಸಾವು. ಇಷ್ಟನ್ನೆಲ್ಲ ಮಾಡುತ್ತಿದ್ದ ತಂಡ ಮೂವತ್ತು ಜನರ ಸುತ್ತಮುತ್ತ. ಮೊದಲ ಗೇಮ್‌ಗೆ ಹೋಲಿಸಿದರೆ ದುಪ್ಪಟ್ಟಿಗಿಂತ ಜಾಸ್ತಿ ನಿಜ, ಆದರೆ ಹೊತ್ತ ಹೊರೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು.

ಸೆಪ್ಟೆಂಬರ್ ಕೊನೆಗೆ ಮೊದಲ ಸುಳಿವು ಸಿಕ್ಕಿತು. ಕನ್ಸೋಲ್ (ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರ) ಆವೃತ್ತಿಯನ್ನು 2024ಕ್ಕೆ ಮುಂದೂಡಿದರು. ಅದೇ ಹೊತ್ತಿಗೆ ಪಿಸಿಗೆ ಬೇಕಾದ ಹಾರ್ಡ್‌ವೇರ್ ಪಟ್ಟಿಯನ್ನು ಮೇಲಕ್ಕೇರಿಸಿದರು. ಶಿಫಾರಸು ಮಾಡಿದ ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3080. ಊರು ಕಟ್ಟುವ ಆಟಕ್ಕೆ ಇದು ಭಾರೀ ಕಾರ್ಡು.

ಬಿಡುಗಡೆಯಾದ ಮೇಲೆ ಅಷ್ಟು ದೊಡ್ಡ ಕಾರ್ಡ್ ಇದ್ದವರಿಗೂ ಗೇಮ್ ತೆವಳಿತು. ರೆಸಲ್ಯೂಶನ್ ಇಳಿಸಿ, ಡೆಪ್ತ್ ಆಫ್ ಫೀಲ್ಡ್ (ದೂರದ್ದು ಮಸುಕಾಗಿ ಕಾಣುವ ಪರಿಣಾಮ) ಆರಿಸಿ, ವಾಲ್ಯುಮೆಟ್ರಿಕ್ಸ್ (ಮೋಡ, ಮಂಜಿನ ಪರಿಣಾಮ) ತೆಗೆಯಿರಿ ಎಂದು ಸ್ಟುಡಿಯೋ ಸಲಹೆ ಕೊಟ್ಟಿತು. ಅಂದರೆ ಜಾಹೀರಾತಿನಲ್ಲಿ ತೋರಿಸಿದ ಅಂದವನ್ನೆಲ್ಲ ನೀವೇ ಕಿತ್ತುಹಾಕಿ ಆಡಿ ಅಂತ ಅರ್ಥ, ಅಲ್ವಾ?

ಆಟಗಾರರು ಒಳಗೆ ಕೈಹಾಕಿ ನೋಡಿದರು. ಆಗ ಸಿಕ್ಕದ್ದು ಹಲ್ಲು. ರಸ್ತೆಯಲ್ಲಿ ಇರುವೆಯಷ್ಟು ಕಾಣುವ ನಾಗರಿಕನ ಬಾಯಿಯೊಳಗೆ ಪೂರ್ತಿ ಹಲ್ಲಿನ ಸಾಲು! ಆ ಹಲ್ಲನ್ನು ಕ್ಯಾಮೆರಾ ಎಂದೂ ನೋಡುವುದಿಲ್ಲ, ಆದರೆ ಗ್ರಾಫಿಕ್ಸ್ ಕಾರ್ಡ್ ಅದರ ಲೆಕ್ಕ ಹಾಕುತ್ತಲೇ ಇರುತ್ತದೆ. ಇದು ಬೇಗ ದೊಡ್ಡ ಜೋಕ್ ಆಯಿತು. ಆದರೆ ಹಲ್ಲು ಕಾರಣ ಅಲ್ಲ, ಲಕ್ಷಣ ಮಾತ್ರ. ಸಾಮಾನ್ಯವಾಗಿ ಪ್ರತಿ ವಸ್ತುವಿಗೂ ಹತ್ತಿರದಿಂದ ನೋಡಲು ಒಂದು ವಿವರವಾದ ಮಾದರಿ, ದೂರದಿಂದ ನೋಡಲು ಒಂದೆರಡು ಸರಳ ಮಾದರಿ ಮಾಡಿಡುತ್ತಾರೆ. ಇದಕ್ಕೆ ಎಲ್‌ಒಡಿ ಎನ್ನುತ್ತಾರೆ. ಸಾವಿರಾರು ವಸ್ತುಗಳನ್ನು ಒಮ್ಮೆಗೆ ತೋರಿಸುವ ಊರಿನ ಆಟಕ್ಕೆ ಅದು ಜೀವಾಳ. ಇಲ್ಲಿ ಜನರ ಮಾದರಿಗಳಿಗೆ ಎಲ್‌ಒಡಿ ಇನ್ನೂ ಬಂದಿಲ್ಲ ಎಂದು ಸ್ಟುಡಿಯೋವೇ ಒಪ್ಪಿಕೊಂಡಿತು. ಇನ್ನೂ ಹಲವು ವಸ್ತುಗಳ ಸ್ಥಿತಿ ಹಾಗೇ ಇತ್ತು. ಎಲ್‌ಒಡಿ ಮಾಡುವುದು ಜಾಣತನದ ಕೆಲಸವಲ್ಲ, ಸಮಯ ಬೇಡುವ ಕೆಲಸ. ಅದು ಆಗಿಲ್ಲ ಎಂದರೆ ಸಮಯ ಸಾಕಾಗಿಲ್ಲ ಎಂದೇ ಅರ್ಥ.

ಇನ್ನೊಂದು ಕಾರಣ ಇದಕ್ಕಿಂತ ಆಳದ್ದು. ಗೇಮ್ ನಿಂತಿರುವುದು ಯೂನಿಟಿ ಎಂಜಿನ್ ಮೇಲೆ, ಅಂದರೆ ಗೇಮ್ ಕಟ್ಟಲು ಬಳಸುವ ಒಂದು ಸಿದ್ಧ ಸಾಫ್ಟ್‌ವೇರ್ ಮೇಲೆ. ಲಕ್ಷಾಂತರ ಜನರ ಲೆಕ್ಕವನ್ನು ಒಮ್ಮೆಗೆ ನಡೆಸಲು ಯೂನಿಟಿಯ ಹೊಸ ವ್ಯವಸ್ಥೆಯನ್ನು ಇವರು ಆರಿಸಿಕೊಂಡರು. ಲೆಕ್ಕದ ಭಾಗ ಚೆನ್ನಾಗಿಯೇ ಓಡಿತು. ಆದರೆ ಆ ಹೊಸ ವ್ಯವಸ್ಥೆಗೂ ಎಂಜಿನ್ನಿನ ಚಿತ್ರ ಬಿಡಿಸುವ ಭಾಗಕ್ಕೂ ನಡುವಿನ ಸೇತುವೆ ಆಗಿನ್ನೂ ಪೂರ್ತಿಯಾಗಿರಲಿಲ್ಲ. ಇವರಿಗೆ ಬೇಕಾದ ಎಷ್ಟೋ ಸೌಲಭ್ಯ ಅದರಲ್ಲಿ ಇರಲಿಲ್ಲ. ಹಾಗಾಗಿ ಬಹಳಷ್ಟನ್ನು ಕೈಯಾರೆ ಬರೆದುಕೊಳ್ಳಬೇಕಾಯಿತು. ಮೂವತ್ತು ಜನರ ತಂಡ ಗೇಮ್ ಜೊತೆಗೆ ಅರ್ಧ ಎಂಜಿನ್ನನ್ನೂ ಕಟ್ಟಲು ಹೊರಟಂತೆ ಆಯಿತು.

ಪರ್ಫಾರ್ಮೆನ್ಸ್ ವಿಚಾರವನ್ನು ಇಲ್ಲಿಗೇ ಬಿಡುತ್ತೇನೆ. ಇದೇ ದೊಡ್ಡ ಹಗರಣ ಎಂದು ಆಗ ಎಲ್ಲರೂ ಬರೆದರು. ನನಗೆ ಹಾಗನಿಸುವುದಿಲ್ಲ. ಫ್ರೇಮ್ ರೇಟ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಕಡಿಮೆ ಇದ್ದರೆ ಮೊದಲ ಹತ್ತು ನಿಮಿಷದಲ್ಲೇ ತಿಳಿಯುತ್ತದೆ. ಬೇಡವೆಂದರೆ ಸ್ಟೀಮ್‌ನಲ್ಲಿ ಎರಡು ಗಂಟೆ ಆಟದೊಳಗೆ ವಾಪಸ್ ಕೊಟ್ಟು ದುಡ್ಡು ಪಡೆಯಬಹುದು. ಪ್ಯಾಚ್ ಬಂದಂತೆಲ್ಲ ಅದು ಸುಧಾರಿಸುತ್ತದೆ, ಇಲ್ಲೂ ನಿಧಾನಕ್ಕೆ ಸುಧಾರಿಸಿತು. ಕಾಣುವ ಗಾಯಕ್ಕೆ ಮದ್ದು ಇದೆ.

ಕಾಣದ ತೊಂದರೆ

ಹೊರಗೆ ಥಳುಕು, ಒಳಗೆ ಹುಳುಕು ಎನ್ನುತ್ತಾರಲ್ಲ, ಸ್ಟ್ರಾಟಜಿ ಗೇಮ್‌ಗಳ ಅಸಲಿ ರೋಗ ಅದು. ಈ ಆಟದಲ್ಲಿ ಹುಳುಕು ಕಾಣಲು ಮೂವತ್ತು-ನಲವತ್ತು ಗಂಟೆ ಬೇಕಾಯಿತು.

ಆಟದಲ್ಲಿ ರಸ್ತೆ ಹಾಕುವ ಸಲಕರಣೆ ಅದ್ಭುತವಾಗಿತ್ತು. ಇದನ್ನು ಬೈದವರೂ ಒಪ್ಪಿದ್ದಾರೆ. ಬಿಡುಗಡೆಗೆ ಮೊದಲು ಬಂದ ವಿಡಿಯೋಗಳಲ್ಲಿ ಕಂಡದ್ದೂ ಅದೇ: ಸೊಗಸಾದ ಫ್ಲೈಓವರ್, ಬೆಟ್ಟದ ಮೇಲೆ ತಿರುವು ರಸ್ತೆ, ಮಂಜಿನ ಊರು. ಊರು ಚೆಂದವಾಗಿ ಬೆಳೆಯುತ್ತಿತ್ತು. ಆದರೆ ಆಟಗಾರರಿಗೆ ನಿಧಾನಕ್ಕೆ ಒಂದು ಅನುಮಾನ ಶುರುವಾಯಿತು. ನಾನು ಏನು ಮಾಡಿದರೂ ಊರು ಬೆಳೆಯುತ್ತಿದೆಯಲ್ಲ? ಖರ್ಚು ಜಾಸ್ತಿ, ಆದಾಯ ಕಡಿಮೆ, ಆದರೂ ದಿವಾಳಿ ಆಗುತ್ತಿಲ್ಲ?

ಕಾರಣ ಸರ್ಕಾರದ ಸಬ್ಸಿಡಿ. ಊರು ನಷ್ಟಕ್ಕೆ ಜಾರಿದರೆ ಆಟವೇ ಹಿಂದಿನಿಂದ ದುಡ್ಡು ಸುರಿದು ಎತ್ತಿಹಿಡಿಯುತ್ತಿತ್ತು. ಹೊಸಬರಿಗೆ ಸಹಾಯವಾಗಲಿ ಎಂಬ ಉದ್ದೇಶ ಇದ್ದಿರಬಹುದು. ಪರಿಣಾಮ ಮಾತ್ರ ಬೇರೆ. ತಪ್ಪು ಮಾಡಿದರೆ ಶಿಕ್ಷೆ ಇಲ್ಲ, ಸರಿ ಮಾಡಿದರೆ ಲಾಭವೂ ಇಲ್ಲ. ಜಾಣ ಮೇಯರ್‌ಗೂ ಪೆದ್ದ ಮೇಯರ್‌ಗೂ ಫಲ ಒಂದೇ ಆದರೆ ಅದು ಸ್ಟ್ರಾಟಜಿ ಹೇಗಾದೀತು? ಚಿತ್ರ ಬಿಡಿಸುವ ಹಾಳೆ ಅಷ್ಟೇ.

ಒಂದೊಂದೇ ಎಳೆ ಬಿಚ್ಚಿದಾಗ ಇನ್ನಷ್ಟು ಕಂಡಿತು. ಸರಕು ರಫ್ತು, ಆಮದು ಲೆಕ್ಕಗಳು ಅಂದುಕೊಂಡಂತೆ ನಡೆಯುತ್ತಿರಲಿಲ್ಲ. ಅಂಚೆ ವ್ಯವಸ್ಥೆ ಇತ್ತು, ಅಂಚೆ ಸರಿಯಾಗಿ ತಲುಪುತ್ತಿರಲಿಲ್ಲ. ಕಸದ್ದೂ ಇದೇ ಪಾಡು. ಬಾಡಿಗೆ ಜಾಸ್ತಿಯಾಯಿತು ಎಂಬ ಗುರುತು ಊರಿನ ಮನೆಗಳ ಮೇಲೆಲ್ಲ ಹಾರುತ್ತಿತ್ತು. ಅದನ್ನು ಕಡಿಮೆ ಮಾಡಲು ಮೇಯರ್ ಏನು ಮಾಡಬೇಕು ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಬಹಳ ಸಲ ಏನೂ ಮಾಡದಿದ್ದರೂ ನಡೆಯುತ್ತಿತ್ತು.

ಇದನ್ನೇ ನಾನು ಮುಗಿಯದ ಸ್ಟ್ರಾಟಜಿ ಗೇಮ್‌ನ ನಿಜವಾದ ಗುರುತು ಎನ್ನುತ್ತೇನೆ. ಬಗ್ ಅಲ್ಲ, ಫ್ರೇಮ್ ರೇಟ್ ಅಲ್ಲ. ನೀವು ತೆಗೆದುಕೊಂಡ ತೀರ್ಮಾನಕ್ಕೂ ಆಮೇಲೆ ನಡೆಯುವುದಕ್ಕೂ ಸಂಬಂಧ ಇಲ್ಲದಿರುವುದು. ಗುಂಡು ಹಾರಿಸುವ ಗೇಮ್‌ನಲ್ಲಿ ಬಂದೂಕು ಕೆಲಸ ಮಾಡದಿದ್ದರೆ ಮೊದಲ ನಿಮಿಷದಲ್ಲೇ ಸಿಕ್ಕಿಬೀಳುತ್ತಾರೆ. ಇಲ್ಲಿ ಲಿವರ್ ಎಳೆಯಬಹುದು, ಶಬ್ದ ಬರುತ್ತದೆ, ಗ್ರಾಫ್ ಅಲುಗಾಡುತ್ತದೆ. ಲಿವರ್‌ನ ಆ ತುದಿಯಲ್ಲಿ ಏನೂ ಕಟ್ಟಿಲ್ಲ ಎಂದು ತಿಳಿಯಲು ವಾರಗಳು ಬೇಕು. ಅಷ್ಟರಲ್ಲಿ ದುಡ್ಡು ವಾಪಸ್ ಪಡೆಯುವ ಎರಡು ಗಂಟೆ ಮುಗಿದುಹೋಗಿರುತ್ತದೆ. ಗಡುವಿನೊಳಗೆ ರಿವ್ಯೂ ಬರೆಯುವವರಿಗೂ ಇದೇ ಕಷ್ಟ.

ಸಬ್ಸಿಡಿ ತೆಗೆದದ್ದು ಯಾವಾಗ? 2024ರ ಜೂನ್ ಕೊನೆಗೆ ಎಕಾನಮಿ 2.0 ಎಂಬ ದೊಡ್ಡ ಪ್ಯಾಚ್ ಬಂತು. ಸಬ್ಸಿಡಿ ಹೋಯಿತು. ಕೊಂಡ ಜಾಗಕ್ಕೆ ನಿರ್ವಹಣೆ ಖರ್ಚು ಬಂತು. ಬಾಡಿಗೆಯ ಲೆಕ್ಕದೊಳಗೆ ಕೂತಿದ್ದ ಒಬ್ಬ ಅದೃಶ್ಯ ಮನೆ ಮಾಲೀಕನನ್ನು ಓಡಿಸಿ, ಕಟ್ಟಡದ ಖರ್ಚನ್ನು ಅಲ್ಲಿ ವಾಸ ಇರುವವರಿಗೆ ಹಂಚಿದರು. ಬಿಡುಗಡೆಯಾಗಿ ಎಂಟು ತಿಂಗಳ ಮೇಲೆ ಆಟದ ಬುನಾದಿಯನ್ನೇ ಕಿತ್ತು ಮತ್ತೆ ಹಾಕಿದ ಹಾಗೆ. ಸರಿಯಾದ ಕೆಲಸವೇ. ಆದರೆ ಒಂದು ಕಡೆ ಎಳೆದರೆ ಇನ್ನೊಂದು ಕಡೆ ಹರಿಯಿತು. ಆ ವರ್ಷವೇ ಊರುಗಳಲ್ಲಿ ಮನೆಯಿಲ್ಲದವರ ಸಂಖ್ಯೆ ಮಿತಿಮೀರಿ, ಪಾರ್ಕುಗಳೆಲ್ಲ ಅವರಿಂದಲೇ ತುಂಬಿ, ಆಟವೇ ನಿಧಾನವಾಗುತ್ತಿದೆ ಎಂದು ಆಟಗಾರರು ದೂರಿದರು. ಸರಿಮಾಡಲು ಮತ್ತೆ ಪ್ಯಾಚ್.

ನಿಲ್ಲಿಸಲು ಆಗದ ಗಾಡಿ

ಸರಿ, ಮುಗಿದಿಲ್ಲ ಎಂದು ಗೊತ್ತಿತ್ತು. ಏಕೆ ನಿಲ್ಲಿಸಲಿಲ್ಲ? ಒಳಗಿನ ಮೀಟಿಂಗ್‌ಗಳಲ್ಲಿ ಏನಾಯಿತು ಎಂದು ಊಹಿಸುವುದು ಬೇಡ. ಹೊರಗೆ ಕಾಣುವುದೇ ಸಾಕಷ್ಟಿದೆ.

ಗೇಮ್ ಎರಡು ಬೆಲೆಯಲ್ಲಿ ಬಂತು. ಸಾದಾ ಆವೃತ್ತಿ 49.99 ಡಾಲರ್, ಅಲ್ಟಿಮೇಟ್ ಆವೃತ್ತಿ 89.99 ಡಾಲರ್. ಆ ಹೆಚ್ಚಿನ 40 ಡಾಲರ್‌ಗೆ ಮುಖ್ಯವಾಗಿ ಸಿಗುತ್ತಿದ್ದದ್ದು ಮುಂದೆ ಬರುವ ಡಿಎಲ್‌ಸಿಗಳ (ಗೇಮ್‌ಗೆ ಆಮೇಲೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗಗಳ) ಕಂತೆ. ಬೀಚ್ ಪ್ರಾಪರ್ಟೀಸ್ ಎಂಬ ಕಟ್ಟಡಗಳ ಪ್ಯಾಕ್, ಬ್ರಿಡ್ಜಸ್ ಅಂಡ್ ಪೋರ್ಟ್ಸ್ ಎಂಬ ವಿಸ್ತರಣೆ, ರೇಡಿಯೋ ಸ್ಟೇಷನ್‌ಗಳು, ಇತ್ಯಾದಿ. ಜೊತೆಗೆ ಮೈಕ್ರೋಸಾಫ್ಟ್‌ನ ಚಂದಾ ಸೇವೆಯಾದ ಗೇಮ್ ಪಾಸ್‌ನಲ್ಲಿ ಮೊದಲ ದಿನವೇ ಗೇಮ್ ಸಿಗುತ್ತದೆ ಎಂದು ಘೋಷಿಸಿಯಾಗಿತ್ತು.

ಈಗ ಲೆಕ್ಕ ಹಾಕಿ. ಗೇಮ್ ತಡವಾದರೆ ಅದೊಂದೇ ತಡವಾಗುವುದಿಲ್ಲ, ಅದರ ಹಿಂದೆ ಕಟ್ಟಿರುವ ಬೋಗಿಗಳೆಲ್ಲ ತಡವಾಗುತ್ತವೆ. ಮುಂದಿನ ವರ್ಷದ ಡಿಎಲ್‌ಸಿಗೆ ಈ ವರ್ಷವೇ ದುಡ್ಡು ತೆಗೆದುಕೊಂಡ ಮೇಲೆ ಬಿಡುಗಡೆಯ ದಿನ ಎನ್ನುವುದು ತಂಡದ ಕೈಯಲ್ಲಿ ಉಳಿಯುವುದಿಲ್ಲ. ಪ್ಯಾರಡಾಕ್ಸ್‌ನ ಇಡೀ ವ್ಯಾಪಾರ ನಿಂತಿರುವುದೇ ಈ ಕ್ರಮದ ಮೇಲೆ: ಗೇಮ್ ಒಂದು ಸಲ, ಡಿಎಲ್‌ಸಿ ಹತ್ತು ವರ್ಷ. ಆ ಕ್ರಮವನ್ನು ನಾನು ಸುಮ್ನೆ ಬೈಯುವುದಿಲ್ಲ. ಅದರಿಂದಲೇ ಮೊದಲ ಸ್ಕೈಲೈನ್ಸ್ ಎಂಟು ವರ್ಷಕ್ಕೂ ಹೆಚ್ಚು ಕಾಲ ಬೆಳೆಯಿತು. ಆದರೆ ಆಗ ಗೇಮ್ ನಿಂತುಕೊಂಡ ಮೇಲೆ ಡಿಎಲ್‌ಸಿ ಬಂತು. ಈ ಸಲ ಗೇಮ್ ನಿಲ್ಲುವ ಮೊದಲೇ ಡಿಎಲ್‌ಸಿ ಮಾರಿದರು.

ಗಂಟು ಬಿಗಿಯಾದದ್ದು ಬೀಚ್ ಪ್ರಾಪರ್ಟೀಸ್‌ನಲ್ಲಿ. ಪರ್ಫಾರ್ಮೆನ್ಸ್ ಸರಿಯಾಗುವ ತನಕ ದುಡ್ಡಿನ ಡಿಎಲ್‌ಸಿ ಬಿಡುವುದಿಲ್ಲ ಎಂಬ ಅರ್ಥದ ಮಾತು 2023ರ ಕೊನೆಯಲ್ಲಿ ಸ್ಟುಡಿಯೋದಿಂದ ಬಂದಿತ್ತು. 2024ರ ಮಾರ್ಚ್ 25ರಂದು ಬೀಚ್ ಪ್ರಾಪರ್ಟೀಸ್ ಬಂತು, ಬೆಲೆ 9.99 ಡಾಲರ್. ಗೇಮ್ ಇನ್ನೂ ಕುಂಟುತ್ತಿತ್ತು, ಎಕಾನಮಿ ಇನ್ನೂ ಪೊಳ್ಳಾಗಿತ್ತು. ಮಾಡ್ ಮಾಡುವ ಸಲಕರಣೆ ಅದೇ ದಿನ ಬೀಟಾ ರೂಪದಲ್ಲಿ ಮೊದಲ ಬಾರಿಗೆ ಬಂತು, ಅದೂ ಕಟ್ಟಡ ಸೇರಿಸುವ ಸೌಲಭ್ಯ ಬಿಟ್ಟು. ಇನ್ನು ಬೀಚ್ ಪ್ರಾಪರ್ಟೀಸ್‌ನಲ್ಲಿ ಏನಿತ್ತು? ಒಂದಿಷ್ಟು ಮನೆ, ಒಂದಿಷ್ಟು ತಾಳೆ ಜಾತಿಯ ಮರ. ಬೀಚ್ ಇರಲಿಲ್ಲ. ಗಾಯದ ಮೇಲೆ ಬರೆ ಎಳೆದಂತಾಯಿತು. ಸ್ಟೀಮ್‌ನಲ್ಲಿ ನೂರಕ್ಕೆ ಐದು ಒಳ್ಳೆಯ ರಿವ್ಯೂ ಕೂಡ ಇರಲಿಲ್ಲ.

ಏಪ್ರಿಲ್ 15ರಂದು ಕೊಲೋಸಲ್ ಆರ್ಡರ್ ಮುಖ್ಯಸ್ಥೆ ಮಾರೀನಾ ಹಲ್ಲಿಕೈನನ್ ಮತ್ತು ಪ್ಯಾರಡಾಕ್ಸ್‌ನ ಉಪ ಮುಖ್ಯಸ್ಥ ಮಟಿಯಾಸ್ ಲಿಲ್ಯಾ ಇಬ್ಬರ ಹೆಸರಿನಲ್ಲಿ ಒಂದು ಬಹಿರಂಗ ಪತ್ರ ಬಂತು. ಕ್ಷಮೆ ಕೇಳಿದರು. ಬೀಚ್ ಪ್ರಾಪರ್ಟೀಸ್ ದುಡ್ಡು ವಾಪಸ್, ಇನ್ನು ಮೇಲೆ ಅದು ಎಲ್ಲರಿಗೂ ಉಚಿತ, ಬ್ರಿಡ್ಜಸ್ ಅಂಡ್ ಪೋರ್ಟ್ಸ್ 2025ಕ್ಕೆ ಮುಂದಕ್ಕೆ, ಮೊದಲು ಗೇಮ್ ಸರಿಮಾಡುತ್ತೇವೆ ಎಂದರು. ಅಲ್ಟಿಮೇಟ್ ಕೊಂಡವರ ಕತೆ ಮಾತ್ರ ಸಿಕ್ಕುಸಿಕ್ಕು. ಅವರು ಕಂತೆಯಾಗಿ ಕೊಂಡದ್ದರಿಂದ ಒಂದೇ ಪ್ಯಾಕ್‌ನ ದುಡ್ಡು ಹಿಂತಿರುಗಿಸಲು ಆಗುವುದಿಲ್ಲ. ಅವರಿಗೆ ಬದಲಿಗೆ ಇನ್ನಷ್ಟು ಪ್ಯಾಕ್, ಇನ್ನಷ್ಟು ರೇಡಿಯೋ. ನಂಬಿ ಜಾಸ್ತಿ ದುಡ್ಡು ಕೊಟ್ಟವರಿಗೇ ದುಡ್ಡು ವಾಪಸ್ ಸಿಗದ ವಿಚಿತ್ರ!

ತಡ ಮಾಡಿದ್ದರೆ?

‘ಆರು ತಿಂಗಳು ತಡಮಾಡಬೇಕಿತ್ತು’ ಎಂದು ಹೇಳುವುದು ಸುಲಭ. ಇದನ್ನು ಭಾಗ ಮಾಡಿ ನೋಡಬೇಕು. ಎಲ್‌ಒಡಿ ಕೆಲಸಕ್ಕೆ ತಡ ಉಪಯೋಗವಾಗುತ್ತಿತ್ತು, ಅನುಮಾನವೇ ಇಲ್ಲ. ಮಾಡ್ ಸಲಕರಣೆಗೂ ಸ್ವಲ್ಪ ಮಟ್ಟಿಗೆ. ಆದರೆ ಎಕಾನಮಿ? ನನಗೆ ಅನುಮಾನ. ಸಬ್ಸಿಡಿ ಎನ್ನುವುದು ಮರೆತು ಉಳಿದ ಬಗ್ ಅಲ್ಲ, ಬೇಕೆಂದೇ ಇಟ್ಟದ್ದು. ಮೂವತ್ತು ಜನ ಒಳಗೆ ಕೂತು ಇನ್ನೂ ಆರು ತಿಂಗಳು ಆಡಿದ್ದರೂ ಅದು ಅವರಿಗೆ ತಪ್ಪು ಎಂದು ಅನಿಸದೇ ಹೋಗುವ ಸಾಧ್ಯತೆ ಇತ್ತು. ಹಠಮಾರಿ ಆಟಗಾರರು ನೂರಾರು ಗಂಟೆ ಆಡಿ, ಬೇಕೆಂದೇ ಊರು ಹಾಳುಮಾಡಲು ನೋಡಿ, ಆದರೂ ಹಾಳಾಗದ್ದನ್ನು ಕಂಡಾಗಲೇ ಅದು ಹೊರಬೀಳುವುದು. ಈ ಜಾತಿಯ ಆಟಗಳಿಗೆ ಜನ ಬೇಕು, ಬೇಗ ಬೇಕು.

ಅಂದಮೇಲೆ ಬೇಗ ಬಿಟ್ಟದ್ದು ತಪ್ಪಲ್ಲ ಎಂದಾಯಿತಾ? ಒಂದರ್ಥದಲ್ಲಿ ಹೌದು. ಬೇಗ ಬಿಟ್ಟದ್ದಕ್ಕಿಂತ, ಮುಗಿದಿದೆ ಎಂಬ ಹೆಸರಿನಲ್ಲಿ, ಮುಗಿದ ಗೇಮ್‌ನ ಬೆಲೆಗೆ, ಮುಂದಿನ ಡಿಎಲ್‌ಸಿ ಸಮೇತ ಬಿಟ್ಟದ್ದು ತಪ್ಪು. ಇದೇ ಗೇಮನ್ನು ಅದೇ ಅಕ್ಟೋಬರ್‌ನಲ್ಲಿ ಅರ್ಲಿ ಆಕ್ಸೆಸ್ (ಇನ್ನೂ ಮುಗಿದಿಲ್ಲ ಎಂದು ಹೇಳಿಯೇ ಮಾರುವುದು) ಎಂದು, ಕಡಿಮೆ ಬೆಲೆಗೆ, ಕಂತೆ ಇಲ್ಲದೆ ಬಿಟ್ಟಿದ್ದರೆ? ಹಲ್ಲಿನ ಜೋಕ್ ಜೋಕಾಗಿಯೇ ಉಳಿಯುತ್ತಿತ್ತು. ಸಬ್ಸಿಡಿ ವಿಷಯ ಮೋಸದಂತೆ ಕಾಣದೆ ಸಲಹೆಯಂತೆ ಕಾಣುತ್ತಿತ್ತು. ದುಡ್ಡು ಮಾತ್ರ ಕಡಿಮೆ ಬರುತ್ತಿತ್ತು. ಅಲ್ಲೇ ಇರುವುದು ಸಮಸ್ಯೆ.

ಬೇರೆ ಎರಡು ಗೇಮ್‌ಗಳನ್ನು ಪಕ್ಕಕ್ಕಿಟ್ಟು ನೋಡಬಹುದು. ಟೋಟಲ್ ವಾರ್ ರೋಮ್ 2 ಬಂದದ್ದು 2013ರ ಸೆಪ್ಟೆಂಬರ್ 3ರಂದು. ಶತ್ರು ಸೇನೆ ದಡ್ಡನ ಹಾಗೆ ನಿಂತಿರುತ್ತಿತ್ತು, ಒಂದೊಂದು ಸುತ್ತು ಮುಗಿಯಲು ಕಾದು ಕಾದು ಸಾಕಾಗುತ್ತಿತ್ತು. ಸ್ಟುಡಿಯೋ ಕ್ಷಮೆ ಕೇಳಿ ಪ್ಯಾಚ್ ಮೇಲೆ ಪ್ಯಾಚ್ ಬಿಟ್ಟಿತು. ಒಂದು ವರ್ಷದ ನಂತರ ಎಂಪರರ್ ಎಡಿಶನ್ ಎಂದು ಹೊಸ ರೂಪ ಕೊಟ್ಟು, ಹಳಬರಿಗೆಲ್ಲ ಅದನ್ನು ಉಚಿತವಾಗಿ ಕೊಟ್ಟಿತು. ಗೇಮ್ ಬದುಕಿತು.

ಇನ್ನೊಂದು ಪ್ಯಾರಡಾಕ್ಸ್‌ನದೇ ಇಂಪರೇಟರ್ ರೋಮ್, 2019ರ ಏಪ್ರಿಲ್. ಅದು ಕ್ರ್ಯಾಶ್ ಆಗುವ ಗೇಮ್ ಆಗಿರಲಿಲ್ಲ, ಓಡುತ್ತಿತ್ತು. ಆದರೆ ಒಳಗೆ ಟೊಳ್ಳು. ಅಂಕ ಕೂಡಿಡು, ಬಟನ್ ಒತ್ತು, ಫಲ ತಗೋ. 2021ರ ಫೆಬ್ರವರಿಯಲ್ಲಿ 2.0 ಪ್ಯಾಚ್ ಬಂದಾಗ ಗೇಮ್ ನಿಜಕ್ಕೂ ಚೆನ್ನಾಯಿತು. ಆದರೆ ಅಷ್ಟರಲ್ಲಿ ಜನ ಹೋಗಿದ್ದರು. ಅದೇ ವರ್ಷ ಅದರ ಕೆಲಸ ನಿಲ್ಲಿಸಿದರು. ಆಮೇಲೆ ಸರಿಮಾಡುತ್ತೇವೆ ಎಂಬ ಮಾತು ಎರಡು ಕಡೆಯೂ ಉಳಿದಿತ್ತು. ಒಂದು ಗೇಮ್ ಅದರಿಂದ ಬದುಕಿತು, ಇನ್ನೊಂದಕ್ಕೆ ಮದ್ದು ಬಂದಾಗ ರೋಗಿಯೇ ಇರಲಿಲ್ಲ.

ಎಲ್ಲ ಸ್ಟ್ರಾಟಜಿ ಗೇಮ್‌ಗಳೂ ಹೀಗೇ ಎನ್ನುವುದು ಅನ್ಯಾಯ. 2020ರ ಸೆಪ್ಟೆಂಬರ್‌ನಲ್ಲಿ ಅದೇ ಪ್ಯಾರಡಾಕ್ಸ್ ಬಿಟ್ಟ, ರಾಜವಂಶ ನಡೆಸುವ ಆಟ ಕ್ರುಸೇಡರ್ ಕಿಂಗ್ಸ್ 3 ಗಟ್ಟಿಯಾಗಿಯೇ ಬಂತು. ಎಂಟು ವರ್ಷ ಡಿಎಲ್‌ಸಿ ತಿಂದು ಬೆಳೆದ ಎರಡನೇ ಭಾಗಕ್ಕೆ ಹೋಲಿಸಿದರೆ ಅದರಲ್ಲಿ ಇಲ್ಲದ್ದು ಎಷ್ಟೋ ಇತ್ತು. ಆದರೆ ಇದ್ದ ಲಿವರ್‌ಗಳೆಲ್ಲ ಯಾವುದಕ್ಕೋ ಕಟ್ಟಿಕೊಂಡಿದ್ದವು. ಮಗಳಿಗೆ ಎಲ್ಲಿ ಮದುವೆ ಮಾಡುತ್ತೀರಿ ಎಂಬುದರಿಂದ ಮೂವತ್ತು ವರ್ಷದ ನಂತರ ಯುದ್ಧ ಆಗುತ್ತಿತ್ತು.

ಆಮೇಲೆ ಏನಾಯಿತು

ಸಿಟೀಸ್ ಸ್ಕೈಲೈನ್ಸ್ 2 ಸುಧಾರಿಸಿತು. 2025ರಲ್ಲಿ ಆಡಿದವರಿಗೆ ಸಿಕ್ಕ ಗೇಮ್ ಮೊದಲ ದಿನದ್ದಕ್ಕಿಂತ ಬಹಳ ಮೇಲು. ಬೇರೆ ಬೇರೆ ದೇಶಗಳ ಶೈಲಿಯ ಕಟ್ಟಡಗಳ ಪ್ಯಾಕ್‌ಗಳನ್ನು ಉಚಿತವಾಗಿ ಕೊಟ್ಟರು. ಆದರೆ ಕನ್ಸೋಲ್ ಆವೃತ್ತಿ ದಿನಾಂಕದಿಂದ ದಿನಾಂಕಕ್ಕೆ ಜಾರಿ, ಕೊನೆಗೆ ದಿನಾಂಕವೇ ಇಲ್ಲದಂತಾಯಿತು. ಅಲ್ಟಿಮೇಟ್ ಕಂತೆಯ ದೊಡ್ಡ ತುಂಡಾಗಿದ್ದ ಬ್ರಿಡ್ಜಸ್ ಅಂಡ್ ಪೋರ್ಟ್ಸ್ ಬಂದದ್ದು 2025ರ ಅಕ್ಟೋಬರ್ ಕೊನೆಗೆ. ದುಡ್ಡು ಕೊಟ್ಟು ಎರಡು ವರ್ಷ ಆಗಿತ್ತು.

2025ರ ನವೆಂಬರ್‌ನಲ್ಲಿ ಪ್ಯಾರಡಾಕ್ಸ್ ಮತ್ತು ಕೊಲೋಸಲ್ ಆರ್ಡರ್ ಬೇರೆಯಾಗುವುದಾಗಿ ಘೋಷಿಸಿದವು. ಹದಿನೈದು ವರ್ಷದ ಹತ್ತಿರದ ಸಂಬಂಧ. 2026ರ ಆರಂಭದಿಂದ ಗೇಮ್‌ನ ಹೊಣೆ ಪ್ಯಾರಡಾಕ್ಸ್‌ನದೇ ಸ್ಟುಡಿಯೋ ಆದ ಐಸ್‌ಫ್ಲೇಕ್‌ಗೆ ಎಂದರು. ಅದೂ ಟಾಂಪೆರೆಯದ್ದೇ. ಸಿಮ್‌ಸಿಟಿಯ ಬೀಳುವಿಕೆಯಿಂದ ಎದ್ದ ಸ್ಟುಡಿಯೋ ತನ್ನ ಊರಿನ ಕೀಲಿಯನ್ನು ಇನ್ನೊಬ್ಬರಿಗೆ ಕೊಟ್ಟು ಹೊರಬಂತು. ತಪ್ಪು ಯಾರದ್ದು ಎಂದು ಅಭಿಮಾನಿಗಳು ಎರಡು ಪಂಗಡವಾಗಿದ್ದಾರೆ. ದಿನಾಂಕ ಹೇರಿದ್ದು ಪಬ್ಲಿಷರ್ ಎಂದು ಕೆಲವರು, ಎರಡು ವರ್ಷ ಕೊಟ್ಟರೂ ಮುಗಿಸಲಿಲ್ಲವಲ್ಲ ಎಂದು ಕೆಲವರು. ನನ್ನ ವೋಟು ಮೊದಲನೆಯದರ ಕಡೆಗೆ ಜಾಸ್ತಿ, ಆದರೆ ಪೂರ್ತಿ ಅಲ್ಲ. ಸಬ್ಸಿಡಿ ಯೋಚನೆ ಸ್ಟುಡಿಯೋದ್ದೇ. ಆಟ ಇಷ್ಟವಾಗದಿದ್ದರೆ ಅದು ನಿಮಗಲ್ಲದೇ ಇರಬಹುದು ಎಂಬ ಧಾಟಿಯ ಮಾತು ಬಿಡುಗಡೆಯ ಹೊಸತರಲ್ಲಿ ಬಂದದ್ದೂ ಸ್ಟುಡಿಯೋ ಕಡೆಯಿಂದಲೇ.

ಹೋಗುವ ಮುನ್ನ ಒಂದು ಕೊನೆಯ ಅಪ್‌ಡೇಟ್ ಕೊಡುತ್ತೇವೆ ಎಂದು ಕೊಲೋಸಲ್ ಆರ್ಡರ್ ಹೇಳಿತು. ಅದರ ಪಟ್ಟಿಯಲ್ಲಿ ಎರಡು ಹೆಸರು ಮುಖ್ಯ. ಒಂದು, ಸೈಕಲ್. ಎರಡು, ಆಟಗಾರರೇ ಕಟ್ಟಡ ಮಾಡಿ ಸೇರಿಸುವ ಎಡಿಟರ್, ಅದೂ ಬೀಟಾ ರೂಪದಲ್ಲಿ. ಈ ಎರಡನೆಯದು 2015ರ ಗೇಮ್‌ನಲ್ಲಿ ಮೊದಲ ದಿನವೇ ಇತ್ತು.